ಹೊಸಹಳ್ಳಿಗೆ ಹೋದ ಮೆಸೇಜು

ಹೋದ ತಿಂಗಳು ಯಾವುದೋ ಕೆಲಸಕ್ಕೆ ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ಒಳಬೀದಿಗೆ ತಿರುಗುತ್ತಿದ್ದ ಹಾಗೆ ರೇಷ್ಮೆಗೂಡು ಬೇಯುವ ವಾಸನೆ ಮುಖಕ್ಕೆ ಬಡಿಯಿತು. ಹೊರಗಿನವರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಅದರಲ್ಲೇ ಬೆಳೆದವಳು, ಮುಚ್ಚಿಕೊಳ್ಳಲಿಲ್ಲ. ಆದರೆ ನಡೆಯುತ್ತಿದ್ದವಳು ಅಲ್ಲೇ ಒಂದು ಅಂಗಡಿಯ ಜಗುಲಿಯ ಹತ್ತಿರ ನಿಂತೆ. ವಿಮಾನ ನಿಲ್ದಾಣ ಶುರುವಾದ ವರ್ಷ ಇಡೀ ಈ ವಾಸನೆಯ ನಡುವೆಯೇ ಕೂತು ಕೆಲಸ ಮಾಡಿದ್ದೆ. ಆ ವರ್ಷ ನಾನು ಮಾಡಿದ್ದು ಏನು ಅನ್ನುವುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಆ ಬೀದಿಯ ಕೊನೆಯಲ್ಲಿದ್ದ ಒಂದು ಕಟ್ಟಡದ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ಇತ್ತು. ಆರು ಕಂಪ್ಯೂಟರು, ಒಂದು ಪ್ರಿಂಟರು, ನಾನೊಬ್ಬಳೇ ಟೀಚರು. ಕೆಳಗಿನ ಅಂತಸ್ತಿನಲ್ಲಿ ರೇಷ್ಮೆ ಎಳೆಗೆ ಹುರಿ ಹಾಕುವ ಮಿಷನ್‌ಗಳು. ಅವು ಓಡುತ್ತಿದ್ದರೆ ನಮ್ಮ ನೆಲ ಸಣ್ಣಗೆ ನಡುಗುತ್ತಿತ್ತು, ಮೇಜಿನ ಮೇಲಿನ ಟೀ ಲೋಟದಲ್ಲಿ ಉಂಗುರಗಳೇಳುತ್ತಿದ್ದವು. ಕಟ್ಟಡವೂ ಮಿಷನ್‌ಗಳೂ ಶಬಾನಾಳ ಅಪ್ಪನದು. ಶಬಾನಾ ನನ್ನ ಜೊತೆ ಹೈಸ್ಕೂಲು ಓದಿದವಳು. ಆಮೇಲೆ ದೊಡ್ಡಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದಳು. ಮನೆ ಕೆಲಸ ಮುಗಿದ ಮೇಲೆ ಮಹಡಿ ಹತ್ತಿ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಪ್ರೋಗ್ರಾಮ್ ಬರೆಯುವುದರಲ್ಲಿ ನನಗಿಂತ ಅವಳೇ ಚುರುಕು.

ಒಂದು ಮಧ್ಯಾಹ್ನ ಇಂಟರ್‌ನೆಟ್ಟಿನಲ್ಲಿ ಏನೋ ಹುಡುಕುತ್ತಿದ್ದವಳು ನನ್ನ ಕೈ ಎಳೆದಳು. ರೇಡಿಯೋ, ಟಿವಿ ಎರಡೂ ನಡೆಸುತ್ತಿದ್ದ ಒಂದು ಪ್ರಸಾರ ಸಂಸ್ಥೆ ತನ್ನ ಸುದ್ದಿಯ ತಲೆಬರಹ, ಹವಾಮಾನ, ಕಾರ್ಯಕ್ರಮಗಳ ವೇಳಾಪಟ್ಟಿ ಎಲ್ಲವನ್ನೂ ಕಂಪ್ಯೂಟರುಗಳು ತಾವೇ ಓದಿಕೊಳ್ಳುವ ಹಾಗೆ ಹೊರಗಿಟ್ಟಿತ್ತು. ಅದಕ್ಕೆ ಫೀಡ್ ಅಂತ ಹೆಸರು. ಹೊಸ ಸುದ್ದಿ ಬಂದ ಹಾಗೆಲ್ಲ ಆ ಪಟ್ಟಿಗೆ ಒಂದು ಸಾಲು ಸೇರುತ್ತಿತ್ತು. ಆಸಕ್ತಿ ಇದ್ದವರು ಇದನ್ನು ತೆಗೆದುಕೊಂಡು ಏನಾದರೂ ಮಾಡಿ ನೋಡಿ, ಮಾಡಿದ್ದನ್ನು ನಮಗೂ ತೋರಿಸಿ, ಆದರೆ ಅದಕ್ಕೆ ನಾವು ಜವಾಬ್ದಾರರಲ್ಲ ಎಂದು ಬರೆದಿದ್ದರು. ಅದರ ಕೆಳಗೆ ಎಲ್ಲೆಲ್ಲಿಯವರೋ ಹವ್ಯಾಸಕ್ಕೆ ಮಾಡಿದವುಗಳ ಪಟ್ಟಿ. ಒಬ್ಬ ಸುದ್ದಿಗಳನ್ನೆಲ್ಲ ನಕ್ಷೆಯ ಮೇಲೆ ಚುಕ್ಕೆಯಾಗಿಸಿದ್ದ. ಇನ್ನೊಬ್ಬ, ಸುದ್ದಿಯಲ್ಲಿ ದುಃಖದ ಪದಗಳು ಹೆಚ್ಚಾದ ಹಾಗೆ ಬಣ್ಣ ಕಪ್ಪಾಗುವ ಒಂದು ಪುಟ ಮಾಡಿದ್ದ.

“ಇದೆಲ್ಲ ಯಾರಿಗೆ ಬೇಕಂತೆ?” ಅಂದೆ.

“ಯಾರಿಗೂ ಬೇಡ. ಸುಮ್ನೆ ಮಾಡವ್ರೆ,” ಅಂದಳು ಶಬಾನಾ. ಪಟ್ಟಿ ಕೆಳಗೆ ಸರಿಸುತ್ತಾ, “ನಾವೂ ಸುಮ್ನೆ ಮಾಡಣ ಕಣೇ,” ಅಂದಳು.

ಸುಮ್ಮನೆ ಶುರುವಾದದ್ದು ಎರಡು ತಿಂಗಳು ನಮ್ಮನ್ನು ಹಿಡಿದಿಟ್ಟಿತು. ಆ ಬೇಸಿಗೆಯ ಕೊನೆಗೆ ವಿಮಾನಗಳು ನಮ್ಮ ತಲೆಯ ಮೇಲೆ ಹಾರಲು ಶುರುವಾದವು. ಮೊದಲ ವಾರ ಜನ ಕೆಲಸ ಬಿಟ್ಟು ಬೀದಿಗೆ ಬಂದು ನೋಡಿದರು, ಎರಡನೇ ವಾರ ತಲೆ ಮಾತ್ರ ಎತ್ತಿದರು, ಆಮೇಲೆ ಅದೂ ನಿಂತಿತು. ನೆಲದ ಮೇಲಿನ ಗಡಿಬಿಡಿ ಮಾತ್ರ ನಿಲ್ಲಲಿಲ್ಲ. ಯಾವ ಊರಿನ ಜಮೀನು ಹೋಗುತ್ತದೆ, ಯಾವ ಊರಿನ ಮೇಲೆ ರಸ್ತೆ ಬರುತ್ತದೆ, ಯಾರಿಗೂ ಸರಿಯಾಗಿ ತಿಳಿಯದು. ದೇವನಹಳ್ಳಿಯಲ್ಲಿ ಒಂದು ಮಾತು ಹುಟ್ಟಿದರೆ ಸೂಲಿಬೆಲೆಗೆ ಬರುವಷ್ಟರಲ್ಲಿ ಬೇರೆ ಆಗಿರುತ್ತಿತ್ತು. ಹೀಗಾಗಿ ನಾವು ಮಾಡಲು ಹೊರಟದ್ದು ಇದು: ಆ ಫೀಡಿನಲ್ಲಿ ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಊರಿನ ಹೆಸರು ಎಲ್ಲಾದರೂ ಬಂದರೆ, ಆ ಸುದ್ದಿ ತಾನಾಗಿ ಜನರ ಮೊಬೈಲಿಗೆ ಮೆಸೇಜಾಗಿ ಹೋಗಬೇಕು. ಗುಂಪಿಗೆ ಬಿಟ್ಟಿಯಾಗಿ ಮೆಸೇಜು ಕಳಿಸುವ ಸೇವೆಯೊಂದು ಆಗ ಇತ್ತು, ಅದಕ್ಕೆ ಜೋಡಿಸಿದೆವು. ಅದಕ್ಕೆ ‘ನಮ್ಮೂರು’ ಎಂದು ಹೆಸರಿಟ್ಟೆವು.

ತೊಡಕಿದ್ದದ್ದು ಭಾಷೆಯಲ್ಲಿ. ಫೀಡು ಇಂಗ್ಲಿಷಿನದು. ಆಗಿನ ಮೊಬೈಲುಗಳಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಬರೀ ಚೌಕಗಳು ಕಾಣುತ್ತಿದ್ದವು. ಅದಕ್ಕೆ ನಾನು ಒಂದು ಪದಪಟ್ಟಿ ಮಾಡಿದೆ. ಮಳೆ, ರಸ್ತೆ, ಕರೆಂಟು, ಬಸ್ಸು, ಜಮೀನು, ರೈತ ಹೀಗೆ ಇನ್ನೂರರಷ್ಟು ಪದಗಳು. ಇಂಗ್ಲಿಷ್ ಪದ ಕಂಡರೆ ಅದರ ಜಾಗಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಪದ ಕೂರಬೇಕು. ಪಟ್ಟಿಯಲ್ಲಿ ಇಲ್ಲದ ಪದವನ್ನು ಪ್ರೋಗ್ರಾಮು ಬಿಟ್ಟುಬಿಡುತ್ತಿತ್ತು. ಊರುಗಳ ಹೆಸರಿನ ಪಟ್ಟಿಯೂ ನನ್ನದೇ. ನಾಲ್ಕು ತಾಲ್ಲೂಕಿನ ಊರುಗಳನ್ನು ಹೋಬಳಿವಾರು ನಾನೇ ಕೂತು ಟೈಪ್ ಮಾಡಿದೆ.

ನೂರರ ಹತ್ತಿರ ಜನ ಸೇರಿದರು. ಗೂಡು ಮಾರುಕಟ್ಟೆಗೆ ಬರುವವರು, ಟೆಂಪೋ ಓಡಿಸುವವರು, ಸೆಂಟರಿಗೆ ಬರುತ್ತಿದ್ದವರ ಮನೆಯವರು. ನನ್ನ ಅಮ್ಮನ ಫೋನನ್ನೂ, ಹೊಸಹಳ್ಳಿಯ ಮುನಿರಾಜಪ್ಪ ಮಾವನ ಫೋನನ್ನೂ ನಾನೇ ಸೇರಿಸಿದೆ. ಮುನಿರಾಜಪ್ಪ ಅಮ್ಮನ ಒಡಹುಟ್ಟಿದ ಅಣ್ಣ. ಹೊಸಹಳ್ಳಿ ವಿಜಯಪುರದಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ. ಅಲ್ಲಿ ತಾತ ಬಿಟ್ಟುಹೋದ ನಾಲ್ಕು ಎಕರೆ ಜಮೀನು, ಒಂದು ಬಾವಿ, ದ್ರಾಕ್ಷಿ ಚಪ್ಪರ. ಎಲ್ಲವನ್ನೂ ಮಾವನೇ ನೋಡಿಕೊಳ್ಳುತ್ತಿದ್ದ. ಊರಿನಲ್ಲಿ ಅವನ ಮಾತಿಗೆ ಬೆಲೆಯಿತ್ತು.

ಪ್ರಸಾರ ಸಂಸ್ಥೆಯ ಪಟ್ಟಿಯಲ್ಲಿ ನಮ್ಮ ‘ನಮ್ಮೂರು’ ಕೂಡ ಬಂತು. ಆ ದಿನ ಶಬಾನಾ ಕೆಳಗಿನಿಂದ ಅವಳ ಅಪ್ಪನನ್ನು ಕರೆದುಕೊಂಡು ಬಂದು ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿ, “ಇದ್ರಲ್ಲಿ ನಿನ್ನ ಹೆಸ್ರು ಎಲ್ಲೈತೆ?” ಅಂದರು. ಹೆಸರು ಇರಲಿಲ್ಲ. ಅವರು ತಲೆಯಾಡಿಸಿ ಇಳಿದು ಹೋದರು.

ಮೊದಲ ತಪ್ಪು ಬೇಗನೆ ಆಯಿತು. ನೆಲಮಂಗಲದ ರಸ್ತೆ ಕೆಲಸ ಮುಗಿಯುವುದಕ್ಕೆ ಹತ್ತಿರ ಬಂದಿದೆ ಎಂದು ಸುದ್ದಿ ಇತ್ತು. ಹತ್ತಿರ ಅನ್ನುವುದಕ್ಕೂ ಮುಚ್ಚು ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ಕ್ಲೋಸ್’ ಅಂತ ಒಂದೇ ಸ್ಪೆಲ್ಲಿಂಗು. ನಮ್ಮ ಪ್ರೋಗ್ರಾಮು ‘ನೆಲಮಂಗಲ ರಸ್ತೆ ಮುಚ್ಚಿದೆ’ ಎಂದು ಕಳಿಸಿಬಿಟ್ಟಿತು. ತ್ಯಾಮಗೊಂಡ್ಲು ಕಡೆಗೆ ಹೊರಟಿದ್ದ ಒಬ್ಬ ಟೆಂಪೋದವನು ಎಲ್ಲೆಲ್ಲೋ ಸುತ್ತಿಕೊಂಡು ಹೋದನಂತೆ. ಮಾರನೆಯ ದಿನ ಸೆಂಟರಿಗೆ ಬಂದು, “ಏನಮ್ಮಾ, ರಸ್ತೆ ಚೆನ್ನಾಗೇ ಐತಲ್ಲ,” ಅಂತಷ್ಟೇ ಹೇಳಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಮುಂಗಾರು ಜೋರಾಗಿ ಹಿಡಿದ ವಾರ. ರಾಗಿ ಬಿತ್ತನೆಗೆ ಜನ ಹೊಲಕ್ಕೆ ಇಳಿದಿದ್ದರು. ಮಳೆಗೆ ಟೆಲಿಫೋನ್ ಲೈನು ಕಿತ್ತುಹೋಗಿ ಸೆಂಟರಿನಲ್ಲಿ ಎರಡು ದಿನದಿಂದ ಇಂಟರ್‌ನೆಟ್ ಇರಲಿಲ್ಲ. ನಮ್ಮ ಪ್ರೋಗ್ರಾಮು ಇದ್ದದ್ದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ, ಅದಕ್ಕೇನೂ ಆಗಿರಲಿಲ್ಲ. ಬೆಳಗ್ಗೆ ಅಮ್ಮ ಫೋನು ಹಿಡಿದು ಅಡುಗೆಮನೆಯಿಂದ ಬಂದಳು.

“ಇದೇನೇ ಭಾಗ್ಯ, ಓದು.”

‘ಹೊಸಹಳ್ಳಿ ರೈತರ ಜಮೀನು ವಶ ನೋಟಿಸ್ ಜಾರಿ’ ಎಂದಿತ್ತು, ಇಂಗ್ಲಿಷ್ ಅಕ್ಷರದಲ್ಲಿ.

ನಾನೇ ಮಾಡಿದ ಪ್ರೋಗ್ರಾಮು ಹೇಳಿದ್ದನ್ನು ನಾನೂ ನಂಬಿದೆ. ಇದನ್ನು ಆಮೇಲೆ ಯಾರಿಗೆ ಹೇಳಿದರೂ ಒಪ್ಪಲಿಲ್ಲ. ಆದರೆ ನಿಜ. ಸುತ್ತಮುತ್ತಲಿನ ಊರುಗಳಿಗೆಲ್ಲ ಒಂದೊಂದಾಗಿ ನೋಟಿಸು ಬರುತ್ತಿದ್ದ ಕಾಲ. ಹೊಸಹಳ್ಳಿಯ ಸರದಿ ಬಂತು ಅನ್ನಿಸಿತೇ ಹೊರತು ತಪ್ಪಿರಬಹುದು ಅನ್ನಿಸಲೇ ಇಲ್ಲ. ಆ ಹೊತ್ತಿಗಾಗಲೇ ಮಾವ ಊರಿನ ಅರಳಿಕಟ್ಟೆಯ ಹತ್ತಿರ ಜನ ಸೇರಿಸಿದ್ದ. ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಫೋನು ಮಾಡಿದ.

“ನಾರಾಯಣಮ್ಮ, ನಾಳೆ ತಾಲ್ಲೂಕ್ ಆಫೀಸ್‌ಗೆ ಹೋಗ್ತಿದೀವಿ, ತಕರಾರು ಅರ್ಜಿ ಕೊಡಾಕೆ. ನೀನೂ ಬಾ. ಹೆಂಗಸ್ರೂ ಇದ್ರೆ ಒಂದ್ ತೂಕ ಇರ್ತದೆ. ಭಾಗ್ಯನ್ನೂ ಕರ್ಕೊಂಬಾ, ಅರ್ಜಿ ಬರೆಯಾಕೆ ಆಯ್ತದೆ.”

ಮಾರನೆಯ ದಿನ ಎರಡು ಟೆಂಪೋದಲ್ಲಿ ದೇವನಹಳ್ಳಿಗೆ ಹೋದೆವು. ಸಣ್ಣಗೆ ಹನಿಯುತ್ತಿತ್ತು. ಅರ್ಜಿಗೆ ಅವರವರ ಜಮೀನಿನ ಪಹಣಿ ಲಗತ್ತಿಸಬೇಕು ಎಂದು ಯಾರೋ ಹೇಳಿದರು. ಎಲ್ಲರೂ ಪಹಣಿಯ ಕಿಟಕಿಗೆ ಸಾಲು ನಿಂತರು. ಮಾವ ಮುಂದೆ ನಿಂತು ಅರ್ಜಿಗೆ ಸಹಿ ಹಾಕಿಸುವುದರಲ್ಲಿದ್ದ. ತಾತನ ಸರ್ವೆ ನಂಬರು ಅಮ್ಮನಿಗೆ ಬಾಯಿಪಾಠ ಬರುತ್ತಿತ್ತು. ತಾನೇ ಹೋಗಿ ಪಹಣಿ ತೆಗೆಸಿಕೊಂಡು ಬಂದಳು. ಮಳೆಯ ನೀರು ತಾಗದ ಹಾಗೆ ಸೆರಗಿನಲ್ಲಿ ಸುತ್ತಿ ತಂದು ನನ್ನ ಕೈಗಿತ್ತು, “ನಮ್ಮಪ್ಪನ ಹೆಸ್ರು ಎಲ್ಲೈತೆ ತೋರ್ಸು,” ಅಂದಳು.

ತಾತನ ಹೆಸರು ಇರಲಿಲ್ಲ. ಮಾವನದು ಮಾತ್ರ ಇತ್ತು. ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ. ಅಮ್ಮ ಮತ್ತೆ ಕೇಳಿದಳು.

“ಮಾವನ ಹೆಸರಿಗೆ ಪೌತಿ ಖಾತೆ ಆಗಿದೆಯಮ್ಮ. ತಾತ ಹೋದ ಮೇಲೆ ಮಾಡಿಸಿದ್ದಾರೆ.”

“ನಂದು?”

“ಇಲ್ಲ.”

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. “ತಾತನ ತಿಥಿ ದಿನ ಅಣ್ಣಯ್ಯ ಒಂದ್ ಕಾಗದಕ್ಕೆ ಸೈನ್ ಹಾಕ್ಸಿಕೊಂಡ. ಪಂಪ್‌ಸೆಟ್ ಕರೆಂಟಿಗೆ ಅಂದ. ಅದೇನಾ ಇದು?” ಅಂದಳು. ಅದೇ ಇರಬೇಕು ಅಂದೆ.

ಆಗಲೇ ನನ್ನ ಫೋನು ರಿಂಗಾಯಿತು. ಶಬಾನಾ. ಲೈನು ಸರಿಹೋಗಿತ್ತು. ಅವಳು ಮೂಲ ಸುದ್ದಿ ತೆಗೆದು ನೋಡಿದ್ದಳು.

“ಭಾಗ್ಯ, ಅದು ನಮ್ಮ ಹೊಸಹಳ್ಳಿ ಅಲ್ಲ ಕಣೇ. ಬೇರೆ ಜಿಲ್ಲೇದು. ಜಿಲ್ಲೆ ಹೆಸರು ನಮ್ಮ ಲಿಸ್ಟಲ್ಲಿ ಇಲ್ಲ, ಅದನ್ನ ಬಿಟ್ಟು ಕಳ್ಸೈತೆ.”

ಒಳಗಿನಿಂದ ಮಾವನ ದನಿ ಕೇಳುತ್ತಿತ್ತು. ಗುಮಾಸ್ತರು ಸಮಾಧಾನದಿಂದಲೇ ಕೇಳುತ್ತಿದ್ದರು: “ಯಾವ ನೋಟಿಸು ಯಜಮಾನರೇ? ನಿಮ್ಮೂರಿಗೆ ಯಾವ್ದೂ ಹೊರಟಿಲ್ಲವಲ್ಲ. ಯಾರು ಹೇಳಿದ್ದು?” ಮಾವ ಫೋನು ಎತ್ತಿ ತೋರಿಸುತ್ತಿದ್ದ. ಅವನ ಹಿಂದೆ ಊರಿನವರೆಲ್ಲ ಒದ್ದೆಯಾಗಿ ನಿಂತಿದ್ದರು. ನಾನು ಒಳಗೆ ಹೋಗಿ, ತಪ್ಪಾಗಿದೆ ಮಾವ, ಅದು ಬೇರೆ ಹೊಸಹಳ್ಳಿ, ತಪ್ಪು ನಮ್ಮ ಪ್ರೋಗ್ರಾಮಿನದು ಅಂದೆ. ಅವನು ನನ್ನನ್ನು ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಪಹಣಿಯನ್ನು ನೋಡಿದ. ವಾಪಸ್ಸು ಬರುವಾಗ ಅವನು ಒಂದು ಟೆಂಪೋದಲ್ಲಿ, ಅಮ್ಮ ಇನ್ನೊಂದರಲ್ಲಿ.

ನನಗೆ ಆ ದಿನ ಏನನ್ನಿಸಿತು ಎಂದರೆ ಹೇಳುವುದು ಕಷ್ಟ. ಒಂದು ಊರನ್ನೇ ಮಳೆಯಲ್ಲಿ ನಿಲ್ಲಿಸಿ ಬಂದ ನಾಚಿಕೆ ಇತ್ತು. ಅಮ್ಮನಿಗೆ ಗೊತ್ತಾಯಿತಲ್ಲ ಅನ್ನುವ ಸಮಾಧಾನವೂ ಇತ್ತು. ಗೊತ್ತಾಗದೇ ಇದ್ದಿದ್ದರೆ ಅಣ್ಣತಂಗಿ ಚೆನ್ನಾಗಿರುತ್ತಿದ್ದರು ಎಂದೂ ಅನ್ನಿಸಿತು. ಮೂರೂ ಒಟ್ಟಿಗೇ ಇದ್ದವು, ಒಂದನ್ನು ಹಿಡಿದರೆ ಇನ್ನೊಂದು ಕೈ ಜಗ್ಗುತ್ತಿತ್ತು.

ಅಮ್ಮ ನಾಲ್ಕು ದಿನ ಆ ಪಹಣಿಯನ್ನು ತೆಗೆದು ನೋಡುವುದು, ಮಡಿಚಿಡುವುದು ಮಾಡಿದಳು. ಅಪ್ಪ ಬಸ್ ಕಂಡಕ್ಟರು, ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ವಿಷಯ ಕೇಳಿ, “ನಿನ್ನ ತವರು, ನಿನ್ನ ಅಣ್ಣ. ನಾನು ನಡುವೆ ಬರಲ್ಲ. ನೀನು ಏನ್ಮಾಡಿದ್ರೂ ಸರಿ,” ಅಂದರು. ಐದನೆಯ ದಿನ ಅಮ್ಮ ಅವರೆಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದಳು.

“ನಿನಗೆ ಮೊದ್ಲೇ ಗೊತ್ತಿತ್ತಾ?”

“ಏನು?”

“ಖಾತೆ ವಿಷ್ಯ. ಗೊತ್ತಿದ್ರೆ ನಂಗೇ ಹೇಳ್ಬೋದಾಗಿತ್ತು. ಇಷ್ಟು ಸುತ್ತಿ ಬಳಸಿ ಯಾಕ್ ಮಾಡ್ದೆ?”

ಇಲ್ಲಮ್ಮ, ಅದು ಕಂಪ್ಯೂಟರ್ ತಪ್ಪು ಎಂದು ಮತ್ತೆ ಮತ್ತೆ ಹೇಳಿದೆ. ಅವಳು ಕೇಳಿಸಿಕೊಂಡಳು. “ಆಯ್ತು ಬಿಡು,” ಅಂದಳು. ನಂಬಲಿಲ್ಲ. ಅವಳ ಮುಖದಲ್ಲಿ ನನ್ನ ಬಗ್ಗೆ ಅಲ್ಲಿಯವರೆಗೆ ನೋಡದ ಒಂದು ಹೆಮ್ಮೆ ಇತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಗೊಂದಲವಾಯಿತು.

ಆ ವಾರವೇ ‘ನಮ್ಮೂರು’ ನಿಲ್ಲಿಸಿದೆವು. ಸೇರಿದ್ದವರಿಗೆಲ್ಲ ಕ್ಷಮೆ ಕೇಳಿ ಕೊನೆಯ ಮೆಸೇಜು ಕಳಿಸಿದೆವು. ಪ್ರಸಾರ ಸಂಸ್ಥೆಯ ಪುಟಕ್ಕೂ ಬರೆದೆವು: ಒಂದೇ ಹೆಸರಿನ ಊರುಗಳಿಂದ ತೊಂದರೆಯಾಗಿದೆ, ನಮ್ಮ ಪ್ರಯೋಗ ನಿಲ್ಲಿಸಿದ್ದೇವೆ. ಎರಡು ದಿನಕ್ಕೆ ಯಾರೋ ಒಬ್ಬರು ಸೌಜನ್ಯದಿಂದ ಉತ್ತರಿಸಿದರು, ಇದು ಉಪಯುಕ್ತ ಫಲಿತಾಂಶ, ತಿಳಿಸಿದ್ದಕ್ಕೆ ಧನ್ಯವಾದ ಎಂದು. ಶಬಾನಾ ಅದನ್ನು ಎರಡು ಸಲ ಓದಿ, “ಉಪಯೋಗ ಆಯ್ತಂತೆ,” ಅಂದಳು. ನಗಬೇಕೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಅವಳೇ ಕೇಳಿದಳು, “ಹೊಸಹಳ್ಳಿ ಅನ್ನೋ ಹೆಸರು ಊರೂರಿಗೂ ಇರುತ್ತೆ, ಅದನ್ನ ಲಿಸ್ಟಿಂದ ತೆಗಿ ಅಂತ ನೆಲಮಂಗಲದ್ದು ಆದಾಗಲೇ ಹೇಳಿದ್ನಲ್ಲ. ರಾಮಪುರ ತೆಗೆದೆ, ಗೊಲ್ಲಹಳ್ಳಿ ತೆಗೆದೆ. ಅದೊಂದನ್ನ ಯಾಕೆ ಬಿಟ್ಟೆ?”

“ಅಮ್ಮನ ಊರಲ್ವಾ,” ಅಂದೆ.

ಗೌರಿ ಹಬ್ಬ ಬಂತು. ಪ್ರತಿ ವರ್ಷ ಮಾವನೇ ಬಂದು ಅಮ್ಮನಿಗೆ ತವರಿನ ಬಾಗಿನ ಕೊಟ್ಟು, ಉಂಡು ಹೋಗುತ್ತಿದ್ದ. ಆ ವರ್ಷ ಅತ್ತೆಯ ಕೈಯಲ್ಲಿ ಕಳಿಸಿದ. ಅತ್ತೆ ಹೊಸ್ತಿಲ ಒಳಗೆ ಬಂದು, ನೀರು ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅಮ್ಮ ಬಾಗಿನವನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. ಹಬ್ಬ ಕಳೆದು ವಾರವಾದರೂ ಅದರ ಮೇಲಿನ ಮೊರ ತೆಗೆಯಲಿಲ್ಲ. ಒಳಗಿನ ಬಾಳೆಹಣ್ಣು ಕೊಳೆತು ವಾಸನೆ ಬಂದ ಮೇಲೆ ನಾನೇ ತೆಗೆದು ಬಳೆ, ಕುಪ್ಪಸದ ಬಟ್ಟೆ ಬೇರೆ ಮಾಡಿದೆ.

ಊರಿನಲ್ಲಿ ಮಾವನ ಸ್ಥಿತಿ ಚೆನ್ನಾಗಿರಲಿಲ್ಲ. ಬಿತ್ತನೆಯ ದಿನ ಹಾಳು ಮಾಡಿದ ಎಂದು ಕೆಲವರು ಆಡಿಕೊಂಡರು. ಅದಕ್ಕಿಂತ ಹೆಚ್ಚಾಗಿ, ಅವತ್ತು ಪಹಣಿ ತೆಗೆಸಿದ ಇನ್ನೂ ಎರಡು ಮನೆಗಳಲ್ಲಿ ಅಕ್ಕತಂಗಿಯರು ಪ್ರಶ್ನೆ ಕೇಳತೊಡಗಿದ್ದರಂತೆ.

ಚಳಿ ಶುರುವಾಗಿ, ಮಾರ್ಕೆಟ್ಟಿಗೆ ಸೊಗಡಿನ ಅವರೆಕಾಯಿ ರಾಶಿರಾಶಿ ಬರುತ್ತಿದ್ದ ಸಮಯ. ಒಂದು ದಿನ ಮಧ್ಯಾಹ್ನ ಮಾವ ಒಬ್ಬನೇ ಸೆಂಟರಿನ ಮೆಟ್ಟಿಲು ಹತ್ತಿ ಬಂದ. ಯಾವತ್ತೂ ಬಂದವನಲ್ಲ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.

“ಆ ಮೆಸೇಜು ಎಲ್ಲಿಂದ ಬಂತು ತೋರ್ಸು.”

ಎಲ್ಲವನ್ನೂ ತೋರಿಸಿದೆ. ಪ್ರಸಾರ ಸಂಸ್ಥೆಯ ಫೀಡು, ಮೂಲ ಸುದ್ದಿ, ಅದರಲ್ಲಿ ಆ ಇನ್ನೊಂದು ಜಿಲ್ಲೆಯ ಹೆಸರು, ನನ್ನ ಪದಪಟ್ಟಿ, ಊರುಗಳ ಪಟ್ಟಿ. ಒಂದೊಂದು ಪದ ಹೇಗೆ ಬಿದ್ದುಹೋಯಿತು ಎಂದು ಬೆರಳಿಟ್ಟು ವಿವರಿಸಿದೆ. ಅವನು ಬಹಳ ಹೊತ್ತು ನೋಡಿದ. ಕೆಳಗೆ ಮಿಷನ್‌ಗಳು ಓಡುತ್ತಿದ್ದವು. ಆಮೇಲೆ ಪರದೆಯನ್ನು ನೋಡಿಕೊಂಡೇ ಮಾತಾಡಿದ.

“ಪಂಪ್‌ಸೆಟ್‌ಗೆ ಅಂದಿದ್ದು ಸುಳ್ಳಲ್ಲ ಕಣಮ್ಮ. ಒಬ್ರ ಹೆಸ್ರಲ್ಲಿದ್ರೆ ಬೇಗ ಆಯ್ತದೆ ಅಂದ್ರು. ಆಗ ಆ ಜಮೀನು ಯಾರಿಗೆ ಬೇಕಾಗಿತ್ತು. ಆಮೇಲೆ ಏರ್‌ಪೋರ್ಟ್ ಬಂತು. ನಾರಾಯಣಮ್ಮನಿಗೆ ಹೇಳ್ಬೇಕು ಅಂತ ಎಷ್ಟೋ ಸಲ ಅನ್ಕೊಂಡೆ. ಬಾಯಿಗೆ ಬರ್ಲಿಲ್ಲ.”

ನಾನು ತೆರೆದಿಟ್ಟಿದ್ದ ಪಟ್ಟಿಗಳನ್ನು ಒಂದೊಂದಾಗಿ ಮುಚ್ಚಿದೆ. ಅವನು ನನ್ನ ಕಡೆ ತಿರುಗಿದ.

“ನೀನು ಬೇಕಂತ್ಲೇ ಕಳ್ಸಿದ್ದಾ?”

“ಇಲ್ಲ ಮಾವ. ಈಗ ತಾನೆ ತೋರಿಸಿದೆನಲ್ಲ.”

“ತೋರ್ಸಿದೆ,” ಅಂದ. ಎದ್ದು ಹೋದ. ಅವನೂ ನಂಬಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅತ್ತೆಯ ಫೋನು ಬಂತು. ಬಾವಿಯ ಕಡೆಯ ಒಂದು ಎಕರೆ ಅಮ್ಮನ ಹೆಸರಿಗೆ ಬರುವ ಹಾಗೆ ವಿಭಾಗ ಪತ್ರ ಬರೆಸಿದ್ದಾರೆ, ಬಂದು ಸಹಿ ಹಾಕಬೇಕಂತೆ. ಅಮ್ಮ ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದಳು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಣ್ಣತಂಗಿ ಬೆಂಚಿನ ಎರಡು ತುದಿಯಲ್ಲಿ ಕೂತರು. ಕೂಗಿದ ಮೇಲೆ ಎಲ್ಲರೂ ಮೇಜಿನ ಹತ್ತಿರ ಹೋದೆವು. ಅಮ್ಮ ಸಹಿ ಹಾಕಿದಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಆಮೇಲೆ ಮಾವನ ಸರದಿ. ಅವನು ಪೆನ್ನು ಹಿಡಿದ, ಕಾಗದದ ಮೇಲೆ ಬಗ್ಗಿದ, ತಡೆದ. ತಿರುಗಿ ನನ್ನನ್ನು ನೋಡಿದ.

“ಈಗಲಾದ್ರೂ ನಿಜ ಹೇಳ್ಬಿಡು ಪುಟ್ಟಿ. ಬೇಕಂತ್ಲೇ ಕಳ್ಸಿದ್ದು ತಾನೆ?”

ಅಮ್ಮನೂ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಅಂದರೆ ಏನಾಗುತ್ತದೆ, ಹೌದು ಅಂದರೆ ಏನಾಗುತ್ತದೆ, ಎಣಿಸುವಷ್ಟು ಹೊತ್ತಿರಲಿಲ್ಲ. ಹಿಂದೆ ಬೇರೆಯವರು ಕಾಯುತ್ತಿದ್ದರು.

“ಹೂಂ ಮಾವ,” ಅಂದೆ.

ಮಾವನ ಮುಖ ಸಡಿಲವಾಯಿತು. ಆರು ತಿಂಗಳಲ್ಲಿ ಮೊದಲ ಸಲ ನಕ್ಕ.

“ಹಂಗನ್ನು ಮತ್ತೆ. ಮಿಷನ್ನು ಎಡವಿದ್ದಕ್ಕೆ ಇಷ್ಟೆಲ್ಲ ಆಯ್ತಲ್ಲ ಅಂತ ನಿದ್ದೆ ಬರ್ತಿರ್ಲಿಲ್ಲ ನಂಗೆ. ಮನೆ ಮಗಳು ಕೇಳಿದ್ಲು, ಕೊಟ್ಟೆ. ಅದಾದ್ರೆ ಸರಿ.” ಸಹಿ ಹಾಕಿದ. ಹೊರಗೆ ಬಂದು ತಂಗಿಯನ್ನು ಕೇಳಿದ, “ಹೋಟ್ಲಲ್ಲಿ ಏನಾದ್ರೂ ತಿಂತೀಯಾ, ಬೆಳಿಗ್ಗೆಯಿಂದ ಹಂಗೇ ಇದೀಯ.” ಅಮ್ಮ, “ಕಾಫಿ ಸಾಕು ಅಣ್ಣಯ್ಯ,” ಅಂದಳು.

ಸಾಯಂಕಾಲ ಸೆಂಟರಿಗೆ ಹೋಗಿ ಶಬಾನಾಳಿಗೆ ಎಲ್ಲವನ್ನೂ ಹೇಳಿದೆ, ಕೊನೆಯ ಸುಳ್ಳನ್ನೂ ಸೇರಿಸಿ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

“ಸುಳ್ಳಾ ಅದು?” ಅಂದಳು.

ತಕ್ಷಣ ಹೌದು ಅನ್ನಲು ಬಾಯಿ ತೆರೆದೆ. ಊರುಗಳ ಪಟ್ಟಿಯಲ್ಲಿ ತೆಗೆಯದೆ ನಾನೇ ಉಳಿಸಿದ ಆ ಒಂದು ಹೆಸರು ನೆನಪಾಯಿತು. ಶಬಾನಾ ಕಾದಳು, ಆಮೇಲೆ ಎದ್ದು ಕಂಪ್ಯೂಟರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.